ಗಂಡ ಹೆಂಡತಿಗೆ ಮಾತ್ರ

ಹಡಗಿನಲ್ಲಿ ಕೆಲಸ ಮಾಡುವ ದಯಾನಂದನಿಗೆ ಎರಡು ವಿಮಾನಗಳ ನಡುವೆ ನಾಲ್ಕು ಗಂಟೆ ಬಿಡುವಿತ್ತು. ಅಷ್ಟು ಹೊತ್ತು ಅವನ ಜೊತೆಗಿರಲೆಂದು ಹೆಂಡತಿ ಹೇಮಲತಾ ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಬೇಸಿಗೆ ರಿಯಾಯಿತಿಯ ಕೋಣೆ ಕಾಯ್ದಿರಿಸಿದ್ದಳು.

"ಮೇಡಂ, ಇಬ್ಬರ ಆಧಾರ್‌ನಲ್ಲೂ ವಿಳಾಸ ಬೇರೆ ಬೇರೆ ಇದೆ. ಈ ಆಫರ್ ಗಂಡ ಹೆಂಡತಿಗೆ ಮಾತ್ರ," ಎಂದಳು ಕೌಂಟರಿನವಳು.

"ಮದುವೆಯಾಗಿ ಹನ್ನೊಂದನೇ ದಿನಕ್ಕೆ ಇವರು ಹಡಗು ಹತ್ತಿದ್ರು. ಆಧಾರ್ ಬದಲಾಯಿಸೋಕೆ ಪುರುಸೊತ್ತೆಲ್ಲಿತ್ತು?"

ಹೇಮಲತಾ ಮದುವೆ ಫೋಟೋ ತೋರಿಸಿದಳು. ಊರಿನಿಂದ ಲಗ್ನಪತ್ರಿಕೆಯ ಚಿತ್ರ ತರಿಸಿದಳು. ಊಟಕ್ಕೆ ಹೋಗಿದ್ದ ಮ್ಯಾನೇಜರ್ ಬಂದು ಮೇಲಿನವರಿಗೆ ಫೋನ್ ಮಾಡುತ್ತ ಕೂತರು. ಕೂಗಾಡಿ ಕೂಗಾಡಿ ಅವಳು ಅತ್ತೇಬಿಟ್ಟಳು.

ಕಡೆಗೂ ಮ್ಯಾನೇಜರ್ ನಗುತ್ತ ಕೀ ಕೊಟ್ಟರು. "ಸಾರಿ ಮೇಡಂ. ನಾಳೆ ಮಧ್ಯಾಹ್ನದವರೆಗೂ ರೂಮ್ ನಿಮ್ಮದೇ."

ದಯಾನಂದ ಚೀಲ ಹೆಗಲಿಗೇರಿಸಿಕೊಂಡ. "ನನ್ನ ಫ್ಲೈಟಿಗೆ ಹೊತ್ತಾಯ್ತು ಹೇಮಾ. ನೀನಾದ್ರೂ ಒಂದ್ ನಿದ್ದೆ ಮಾಡಿ ಹೋಗು."