ಸುಮ್ಮನಿರದ ಹೆಬ್ಬೆರಳು

ಕಾಂಚನಳ ಹೆಬ್ಬೆರಳು ಮತ್ತೆ ತಾನಾಗಿ ಮೇಲಕ್ಕೆ ಸರಿಯಿತು. ಸುತ್ತುತ್ತಿದ್ದ ಬೀಡಿಯ ಎಲೆ ಬಿಚ್ಚಿಕೊಂಡು ತಂಬಾಕು ಮಡಿಲಿಗೆ ಚೆಲ್ಲಿತು. ಎದುರಿಗೆ ಬೀಡಿ ಕಟ್ಟುತ್ತಿದ್ದ ಅತ್ತೆ ಜನಾಬಾಯಿ ಕಿಸಕ್ಕನೆ ನಕ್ಕಳು. “ಫೋನ ಬಿಟ್ಟೀ ಖರೆ, ನಿನ್ನ ಹೆಬ್ಬಟ್ಟಿಗಿ ಇನ್ನೂ ಸುದ್ದಿ ಮುಟ್ಟಿಲ್ಲ ನೋಡ!” ಆಮೇಲೆ ಸೊಸೆಯ ದನಿಯನ್ನೇ ಅಣಕಿಸಿದಳು: “ಇದೊಂದ ವಿಡಿಯೋ ನೋಡಿ ಬಂದ್ನಿರಿ ಅತ್ತಿ...”

ಕಾಂಚನ ನಗಲಿಲ್ಲ. ಹೋದ ವಾರ ಹೆಬ್ಬೆರಳಿನಿಂದ ಒಂದಾದ ಮೇಲೊಂದು ವಿಡಿಯೋ ಮೇಲಕ್ಕೆ ಸರಿಸುತ್ತ ‘ಇದೊಂದು’ ನೋಡುತ್ತಿದ್ದಾಗಲೇ ಹತ್ತು ತಿಂಗಳ ಮಗಳು ನೀಲಮ ಅಂಬೆಗಾಲಿಟ್ಟು ಉರಿಯುವ ಒಲೆಗೆ ಕೈಚಾಚಿದ್ದಳು. ಅಂದೇ ಆ ಫೋನನ್ನು ಗಂಡನ ಕೈಗಿತ್ತು, ನಿಪ್ಪಾಣಿ ಪೇಟೆಯಿಂದ ಬಟನ್ ಫೋನ್ ತರಿಸಿಕೊಂಡಿದ್ದಳು. ಇನ್ನು ಮಗಳ ಮುಖ ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂದು ಆಣೆ ಮಾಡಿದ್ದಳು.

ಜನಾಬಾಯಿ ಚಹಾ ತರಲು ಒಳಗೆ ಹೋದಾಗ ಪಕ್ಕದಲ್ಲಿ ಆಡುತ್ತಿದ್ದ ನೀಲಮ ಚಿಟ್ಟನೆ ಚೀರಿದಳು. ಕಾಂಚನ ಎತ್ತಿಕೊಂಡು ಕಣ್ಣೀರು ಒರೆಸಲು ಹೋದರೆ, ಹೆಬ್ಬೆರಳು ಮಗುವಿನ ಗದ್ದದಿಂದ ಹಣೆಯವರೆಗೆ ಸರ್ರನೆ ಸರಿಯಿತು. ಅಳು ನಡುವೆಯೇ ಕತ್ತರಿಸಿದಂತೆ ನಿಂತಿತು. ಮುಂದಿನ ವಿಡಿಯೋ ಬಂದಂತೆ ಮಗು ಕೇಕೆ ಹಾಕಿ ನಗತೊಡಗಿತು. ಕೆನ್ನೆಯ ಮೇಲೆ ಒಂದು ಹನಿ ಕಣ್ಣೀರೂ ಇರಲಿಲ್ಲ.

ಕಾಂಚನ ಹೆದರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಆಗ ನೀಲಮ ಕೈಚಾಚಿ, ತನ್ನ ಪುಟ್ಟ ಹೆಬ್ಬೆರಳನ್ನು ಅವ್ವನ ಗದ್ದದ ಮೇಲಿಟ್ಟು, ಮೆಲ್ಲಗೆ ಹಣೆಯವರೆಗೆ ಸರಿಸಿದಳು.

ಚಹಾ ಹಿಡಿದು ಬಂದ ಜನಾಬಾಯಿ ಹೊಸ್ತಿಲಲ್ಲೇ ನಿಂತಳು. ಈ ಸಲ ಅವಳ ದನಿಯಲ್ಲಿ ಅಣಕವಿರಲಿಲ್ಲ.

“ಯಾರವಾ ನೀ? ನಮ್ಮ ಕಾಂಚನ ಎಲ್ಲಿ ಹೋದ್ಲು? ಮೊದಲ ಕೂಸಿನ್ನ ಕೊಡ ಇಲ್ಲಿ.”