ಸೋರುವ ಸ್ವಾಮಿಗಳು

ಮೂರು ಲಕ್ಷ ಕಿಲೋಮೀಟರ್ ದಾಟಿದ ಗಾಡಿಗಳಿಗೆ ಮಾತು ಬರುತ್ತದೆ. ಮಾತಿನ ಹಿಂದೆಯೇ ವೈರಾಗ್ಯವೂ ಬರುತ್ತದೆ. ಮಾದಪ್ಪನ ಹಳೇ ಜೀಪಿಗೂ ಬಂದಿತ್ತು. ಬಾನೆಟ್ಟಿಗೆ ವಿಭೂತಿ ಬಳಿಸಿಕೊಂಡು ಅದು ಅಂಗಳದಲ್ಲಿ ಪ್ರವಚನಕ್ಕೆ ನಿಂತಿತ್ತು. ಅಡಿಯಿಂದ ತೊಟ್ಟಿಕ್ಕುವ ಆಯಿಲ್ ತೀರ್ಥವೆಂದು ಬೀದಿಯವರು ಲೋಟ ಹಿಡಿದು ಸಾಲುಗಟ್ಟಿದ್ದರು.

ಇಂದು ಹೆಂಡತಿ ಗೌರಮ್ಮನ ಕಣ್ಣಿನ ಆಪರೇಷನ್. ಹೀಗೇ ಸೋರಿದರೆ ಮೈಸೂರು ಮುಟ್ಟುವ ಮೊದಲೇ ಎಂಜಿನ್ ಜಾಮ್ ಆಗುತ್ತದೆ. ಮಾದಪ್ಪ ಸ್ಪ್ಯಾನರ್ ಹಿಡಿದು ಜೀಪಿನಡಿಗೆ ತೆವಳಿದ.

“ಮುಟ್ಟಬೇಡಪ್ಪಾ. ನಾವು ಸೋರುತ್ತಿಲ್ಲ, ಲೋಕಕ್ಕೆ ದಾನ ಮಾಡುತ್ತಿದ್ದೇವೆ,” ಎಂದಿತು ಜೀಪು.

“ಆಯಿಲ್ ಚೇಂಬರಿನ ಪ್ಯಾಕಿಂಗ್ ಹರಿದೈತೆ, ಬುದ್ಧಿ.”

“ಪಾಪಿ! ಸ್ವಾಮಿಗಳ ಹೊಟ್ಟೆಗೇ ಕೈ ಹಾಕ್ತೀಯಾ?” ಎಂದು ಸಾಲಿನವರು ಬೈದರು.

ಮಾದಪ್ಪ ಹೊಸ ಪ್ಯಾಕಿಂಗ್ ಕೂರಿಸಿ, ಬೋಲ್ಟು ಬಿಗಿದು, ಆಯಿಲ್ ತುಂಬಿದ. ತೊಟ್ಟಿಕ್ಕುವುದು ನಿಂತಿತು. ಲೋಟಗಳೆಲ್ಲ ಪಕ್ಕದ ಬೀದಿಯ ಸೋರುವ ಲಾರಿಯತ್ತ ನಡೆದವು. ಜೀಪು ಪ್ರವಚನವನ್ನು ಅರ್ಧಕ್ಕೇ ನಿಲ್ಲಿಸಿತು.

“ಇನ್ನು ನನ್ನ ಮಾತು ಯಾರು ಕೇಳ್ತಾರಪ್ಪಾ?”

ಗೌರಮ್ಮ ತಡವುತ್ತಾ ಬಂದು ಮುಂದಿನ ಸೀಟಿನಲ್ಲಿ ಕುಳಿತಳು. “ನಂಗೆ ಕಣ್ಣು ಕಾಣಾಕಿಲ್ಲ, ಕಿವಿ ಚೆನ್ನಾಗೈತೆ. ದಾರೀಲಿ ಹೇಳೀರಂತೆ, ನಡೀರಿ ಬುದ್ಧಿ.”

ಸ್ವಾಮಿಗಳು ಒಂದೇ ಸಲಕ್ಕೆ ಸ್ಟಾರ್ಟ್ ಆದರು.