ಫೋನಿಗೆ ಕಾಣದ ಶೂ

ಶೂ ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದರೆ ನನಗೆ ಈಗಲೂ ವಿದೇಶದಲ್ಲಿ ನಾವಿದ್ದ ಟ್ರುಗನಿನಾ ಬಡಾವಣೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಏಳು ವರ್ಷ. ಆಫೀಸಿಗೆ ಹತ್ತಿರವೆಂದು ಅಪ್ಪ ನಗರದ ಇನ್ನೊಂದು ತುದಿಯ ಕ್ಲೇಟನ್‌ನಲ್ಲಿ ರೂಮು ಮಾಡಿಕೊಂಡಿದ್ದರು, ಭಾನುವಾರ ಮಾತ್ರ ಬರುತ್ತಿದ್ದರು. ಇದನ್ನು ಉಡುಪಿಯ ಅಜ್ಜಿಗೆ ಹೇಳಬಾರದೆಂದು ಅಮ್ಮ ಹೇಳಿದ್ದಳು, ಯಾಕೆಂದು ಹೇಳಿರಲಿಲ್ಲ.

ಅಪ್ಪ ಬಂದರೆ ನಮ್ಮದು ಒಂದೇ ಆಟ: ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ತಪ್ಪು ಹುಡುಕುವುದು. ಅವತ್ತು ಹೀರೋ ಅರ್ಧ ಕುಡಿದಿಟ್ಟ ಗ್ಲಾಸು ಮರುಕ್ಷಣವೇ ತುಂಬಿತ್ತು.

"ಮಿಸ್ಟೇಕ್!" ಎಂದು ಕಿರುಚಿದೆ.

"ಒನ್ ಪಾಯಿಂಟ್! ಬೇರೆ ಬೇರೆ ದಿನ ಶೂಟ್ ಮಾಡಿ ಜೋಡಿಸ್ತಾರೆ ಪುಟ್ಟಿ. ಯಾರೂ ಅಷ್ಟು ನೋಡಲ್ಲ ಅಂದ್ಕೋತಾರೆ," ಎಂದರು ಅಪ್ಪ.

ಸಿನಿಮಾ ಮುಗಿದ ಮೇಲೆ ಅಪ್ಪ ಬಾಗಿಲ ಬಳಿ ಕೂತು ಶೂಗೆ ಪಾಲಿಶ್ ಹಚ್ಚಿ ಹಾಕಿಕೊಂಡರು. ಅಷ್ಟರಲ್ಲಿ ಅಜ್ಜಿಯ ವಿಡಿಯೋ ಕಾಲ್ ಬಂತು.

"ಒಂದ್ನಿಮಿಷ ಕೂತು ಹೋಗಿ," ಎಂದಳು ಅಮ್ಮ.

ಇಬ್ಬರೂ ಸೋಫಾದಲ್ಲಿ ಒತ್ತಿಕೊಂಡು ಕೂತು ನಕ್ಕರು. ಫೋನ್ ಹಿಡಿದವಳು ನಾನು.

"ಏನು ಮಾಡ್ತಾ ಇದ್ದೆ ಮಗಾ?" ಎಂದು ಅಜ್ಜಿ ಕೇಳಿದರು.

"ಮಲಗಿದ್ದೆ ಅಮ್ಮ, ಈಗ ಎದ್ದೆ," ಎಂದರು ಅಪ್ಪ.

"ಅಜ್ಜಿ, ಮಿಸ್ಟೇಕ್!" ಎಂದು ನಾನು ಫೋನನ್ನು ಅಪ್ಪನ ಕಾಲಿನತ್ತ ತಿರುಗಿಸಿದೆ. ನಮ್ಮ ಮನೆಯೊಳಗೆ ನೆಂಟರು ಕೂಡ ಶೂ ಹಾಕುತ್ತಿರಲಿಲ್ಲ.

ಯಾರೂ ನಗಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಫೋನಿನ ಹತ್ತಿರಕ್ಕೆ ಬಗ್ಗಿ ನೋಡಿದರು.

"ಹೊರಡುವಾಗ ಸ್ವೆಟರ್ ಹಾಕ್ಕೋ ಮಗಾ. ಅಲ್ಲಿ ಚಳಿ ಉಂಟಲ್ಲ," ಎಂದರು.

ಅಪ್ಪ ಹೊರಡುತ್ತಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಫೋನ್ ಹಿಡಿದುಕೊಂಡೇ ನನ್ನ ಪಾಯಿಂಟಿಗಾಗಿ ಕಾಯುತ್ತಿದ್ದೆ.